ಯಾರನ್ನೂ ಏನೂ ಕೇಳದ ದಾಜಿ

ನಮ್ಮ ದಾಜಿ ಈ ತನಕ ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಬಳಿ ಅವರನ್ನು ಕಂಡ ಪರಿಚಯದವರು ತಟ್ಟನೆ ರಸ್ತೆ ದಾಟಿ ಆಚೆ ಬದಿಗೆ ಹೋಗುವುದು ಅದಕ್ಕೇ!

ಬಿಡಿಸಿ ಹೇಳುತ್ತೇನೆ. ನಾನು ಪತ್ರಿಕೆಗೆ ಸುದ್ದಿ ಬರೆಯುವವನು. ತಲೆಬರಹ ಕೊಟ್ಟು ವಿವರ ಕೊಡದಿದ್ದರೆ ಡೆಸ್ಕಿನಿಂದ ಫೋನ್ ಬರುತ್ತದೆ ಎಂಬ ಭಯ ಮನೆಯ ಮಾತಿನಲ್ಲೂ ಬಿಟ್ಟಿಲ್ಲ. ದಾಜಿ ಎಂದರೆ ಅಕ್ಕನ ಗಂಡ. ಮಾತು ಗಡಿಯಾಚೆಯದು; ನಿಪ್ಪಾಣಿ, ಚಿಕ್ಕೋಡಿ ಕಡೆಯ ಕನ್ನಡದ ಮನೆಗಳಲ್ಲೂ ಎಂದೋ ಬಂದು ಕೂತುಬಿಟ್ಟಿದೆ. ನಮ್ಮದು ಕ್ರೈಸ್ತ ಮನೆತನ. ಕಬ್ಬು, ದ್ರಾಕ್ಷಿ ಬೆಳೆಯುವ ದೊಡ್ಡ ದೊಡ್ಡ ಒಕ್ಕಲುಗಳ ನಡುವೆ ನಮ್ಮಂಥವರದು ಅಲ್ಲೊಂದು ಇಲ್ಲೊಂದು ಮನೆ. ದಾಜಿ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು, ಒಂದು ದಿನ ಆ ಕಾಯಂ ನೌಕರಿಯನ್ನು ಬಿಟ್ಟು ದೇವರ ಸೇವೆಗೆ ಇಳಿದರು. ಹಿಂದೆ ಸಂಸ್ಥೆ ಇಲ್ಲ, ಮುಂದೆ ಸಂಬಳವಿಲ್ಲ, ತಲೆಯ ಮೇಲೆ ಚರ್ಚಿನ ಚಾವಣಿಯೂ ಇಲ್ಲ. ಇರುವುದು ಒಂದೇ ನಿಯಮ. ಬೇಕಾದ್ದನ್ನು ದೇವರಲ್ಲಿ ಕೇಳಬೇಕು, ಮನುಷ್ಯರಲ್ಲಿ ಕೇಳಬಾರದು.

ಒಳ್ಳೆಯ ನಿಯಮವೇ. ತೊಂದರೆ ಏನೆಂದರೆ, ಅವರು ದೇವರಲ್ಲಿ ಕೇಳುವುದು ಗಟ್ಟಿಯಾಗಿ! ಬಾಯ್ಲರಿನ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು ಅದು. ಮತ್ತು ಕೇಳುವ ಜಾಗ ಹೆಚ್ಚಾಗಿ ಬೇರೆಯವರ ಪಡಸಾಲೆ.

ಈ ವರ್ಷ ದೀಪಾವಳಿಗೆ ಮೊದಲು ಕಾರ್ಖಾನೆಯವರು ಅವರನ್ನು ವಾಪಸ್ ಕರೆದರು. ಪರೀಕ್ಷೆ ಪಾಸಾದ ಬಾಯ್ಲರ್ ಮನುಷ್ಯರು ಈಗ ಸಿಗುವುದಿಲ್ಲ. ಹಳಬರು ನಿವೃತ್ತರಾದರು, ಹೊಸಬರಿಗೆ ಆ ಬಿಸಿ ಬೇಡ. ಕಾಯಂ ಕೆಲಸ, ಇರಲು ಕ್ವಾರ್ಟರ್ಸು, ಎಲ್ಲಾ ಕೊಡುತ್ತೇವೆ, ಬಾಯ್ಲರಿಗೆ ಬೆಂಕಿ ಹಾಕುವ ಪೂಜೆಯ ದಿನದೊಳಗೆ ಬಂದು ಹೂಂ ಅನ್ನಲಿ ಎಂದು ಮ್ಯಾನೇಜರ್ ಹೇಳಿ ಕಳಿಸಿದರು. ಅಕ್ಕ ನೇರವಾಗಿ ನನ್ನ ಮನೆಗೆ ಬಂದಳು.

"ತಮ್ಮಾ, ನೀ ಹೇಳು ಅವರಿಗೆ. ನನಗ ಸಾಕಾಗೇತಿ."

ಅಕ್ಕ ಜಗಳವಾಡಲು ಬಂದಿರಲಿಲ್ಲ. ಜಗಳವಾಡುವಷ್ಟು ಕಸುವು ಇದ್ದಿದ್ದರೆ ನನ್ನ ಬಳಿ ಏಕೆ ಬರುತ್ತಿದ್ದಳು? ಕುರ್ಚಿಯ ಮೇಲೆ ಕೂತು, ಎರಡೂ ಕೈಯಿಂದ ಮೊಣಕಾಲು ಒತ್ತಿಕೊಳ್ಳುತ್ತ, "ಸಾಕಾಗೇತಿ" ಎಂದು ಇನ್ನೊಮ್ಮೆ ಅಂದಳು. ಹೀಗೆ ದಾಜಿಯನ್ನು ಕಾರ್ಖಾನೆಗೆ ಮರಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅದು ಎಂಥ ಕೆಲಸ ಎಂದು ತಿಳಿಯಬೇಕಾದರೆ ದಾಜಿ ಎಂಥವರು ಎಂದು ತಿಳಿಯಬೇಕು.

ನೌಕರಿ ಬಿಟ್ಟಾಗ "ದೇವರು ಕರದಾನ" ಎಂದು ಅವರು ಹೇಳಿದರು. ನಾನು ವೃತ್ತಿಯ ಅಭ್ಯಾಸದಂತೆ ವಿಚಾರಣೆ ಮಾಡಿದೆ.

"ಯಾವಾಗ ಕರದಾ, ದಾಜಿ?"

"ಮಧ್ಯಾಹ್ನ. ನೈಟ್ ಶಿಫ್ಟ್ ಮುಗಿಸಿ ಬಂದ ಮಲಗಿದ್ನಿ."

"ಯಾವ ಭಾಷಾದಾಗ?"

ಸ್ವಲ್ಪ ಯೋಚಿಸಿದರು. ಸುಳ್ಳು ಹೇಳುವ ಮನುಷ್ಯ ಇಷ್ಟು ಯೋಚಿಸುವುದಿಲ್ಲ. "ಕನ್ನಡದಾಗ. ನಡಬರಕ ಒಂದೆರಡ ಮಾತ ಮರಾಠಿ."

ಗಡಿ ಭಾಗದ ದೇವರು! ನನಗೇನೋ ನಂಬಿಕೆ ಬಂತು. ಆದರೆ ಒಬ್ಬರೇ ಹೇಳಿದ ಮಾತು ಸುದ್ದಿಯಾಗುವುದಿಲ್ಲ, ಎರಡನೆಯ ಮೂಲವೊಂದು ಬೇಕು. ಅಕ್ಕನನ್ನು ಕೇಳಿದೆ.

"ಆವತ್ತ ನೀ ಮನ್ಯಾಗ ಇದ್ದೆಲ್ಲ, ಏನರೆ ಕೇಳಸ್ತೇನ?"

"ಕೇಳಸ್ತು."

"ಏನ ಕೇಳಸ್ತು?"

"ಗೊರಕಿ."

ದೇವರು ಅವರನ್ನು ಕರೆದದ್ದಾದರೂ ಎಲ್ಲಿಗೆ? ಊರಲ್ಲಿ ನೆಲೆಯಾದ, ಗಡಿಯಾರವುಳ್ಳ, ಬೆಂಚುಗಳುಳ್ಳ ಒಂದು ಚರ್ಚಿನ ಸಭೆಗೆ ಕರೆದಿದ್ದರೆ ನಾವೂ ಒಪ್ಪಿಕೊಳ್ಳುತ್ತಿದ್ದೆವು. ಕರೆದದ್ದು ಕಬ್ಬು ಕಡಿಯುವವರ ಕಡೆಗೆ! ದೀಪಾವಳಿ ಮುಗಿಯುತ್ತಲೂ ಮಹಾರಾಷ್ಟ್ರದ ಒಣ ಸೀಮೆಯಿಂದ ಅವರ ಟೋಳಿಗಳು ಟ್ರ್ಯಾಕ್ಟರ್ ಏರಿ ನಮ್ಮ ಕಡೆ ಬರುತ್ತವೆ. ಗಂಡ, ಹೆಂಡತಿ, ಕೂಸು, ಕೋಳಿ, ಕೊಡ, ಎಲ್ಲ ಒಂದೇ ಟ್ರೇಲರಿನಲ್ಲಿ. ಹೊಲದ ಬದಿಗೆ ಚಾಪೆ, ಕಬ್ಬಿನ ಒಣಗರಿಯ ರವದಿ ಕಟ್ಟಿ ಗುಡಿಸಲು ಹಾಕುತ್ತಾರೆ. ಬಿಸಿಲು ಬಲಿಯುವ ಹೊತ್ತಿಗೆ ಕಬ್ಬು ಮುಗಿಯುತ್ತದೆ, ಮತ್ತೆ ಟ್ರ್ಯಾಕ್ಟರ್ ಏರಿ ಹೊರಟುಹೋಗುತ್ತಾರೆ. ಅವರಲ್ಲಿ ಕೆಲವು ಟೋಳಿಗಳು ತಲೆಮಾರುಗಳಿಂದ ಕ್ರೈಸ್ತರವು. ಊರಲ್ಲಿ ಅವರಿಗೆ ಚರ್ಚಿದೆ, ಪಾಳಕ ಇದ್ದಾನೆ. ಪಾಳಕ ಎಂದರೆ ಅವರ ಮಾತಿನಲ್ಲಿ ಪಾಸ್ಟರ್. ಇಲ್ಲಿ ಕಬ್ಬಿನ ನಡುವೆ ಅವರಿಗೆ ಯಾರೂ ಇಲ್ಲ. "ಆ ಯಾರೂ ಇಲ್ಲ ಅನ್ನೂದ ನಾ" ಎಂದರು ದಾಜಿ.

ಹೀಗೆ ನಮ್ಮ ದಾಜಿಯದು ಟ್ರ್ಯಾಕ್ಟರಿನಲ್ಲಿ ಬಂದು ಟ್ರ್ಯಾಕ್ಟರಿನಲ್ಲೇ ಹೋಗುವ ಸಭೆ. ಅರ್ಧ ವರ್ಷ ಇರುತ್ತದೆ, ಇನ್ನರ್ಧ ವರ್ಷ ಇರುವುದಿಲ್ಲ. ಇರುವಾಗಲೂ ಇದ್ದಲ್ಲಿ ಇರುವುದಿಲ್ಲ! ಈ ವಾರ ಕಾಗವಾಡದ ಬಳಿ ಕಬ್ಬು ಕಡಿದವರು ಮುಂದಿನ ವಾರ ಅಥಣಿಯ ಕಡೆ, ಅದರ ಮುಂದಿನ ವಾರ ರಾಯಬಾಗದಾಚೆ. ಭಾನುವಾರ ಬೆಳಿಗ್ಗೆ ದಾಜಿ ತಮ್ಮ ಹಳೆಯ ಮೊಪೆಡ್ ಹತ್ತಿ, ರಸ್ತೆಯ ಮೇಲೆ ಟ್ರ್ಯಾಕ್ಟರಿನಿಂದ ಉದುರಿದ ಕಬ್ಬಿನ ಜಾಡು ಹಿಡಿದು ತಮ್ಮ ಸಭೆಯನ್ನು ಹುಡುಕಿಕೊಂಡು ಹೋಗುತ್ತಾರೆ. ದಾರಿಯಲ್ಲಿ ಯಾರನ್ನಾದರೂ ವಿಚಾರಿಸಬಾರದೇ ಅಂದರೆ, ಇಲ್ಲ! ಮನುಷ್ಯರನ್ನು ಕೇಳುವುದಿಲ್ಲ ಎಂಬ ನಿಯಮವನ್ನು ಅವರು ದಾರಿ ಕೇಳುವುದಕ್ಕೂ ಹಚ್ಚಿಬಿಟ್ಟಿದ್ದಾರೆ.

ಒಮ್ಮೆ ಆ ಜಾಡು ಅವರನ್ನು ಮುಗಳಖೋಡದ ಹತ್ತಿರದ ಯಾವುದೋ ಹೊಲಕ್ಕೆ ಒಯ್ದಿತು. ಟೋಳಿಯೊಂದು ಮರದ ನೆರಳಿಗೆ ಕೂತು ಯಾರನ್ನೋ ಕಾಯುತ್ತಿತ್ತು. ದಾಜಿ ಇಳಿದವರೇ ಕೈ ಎತ್ತಿ ಮುಗಿದು ತಮ್ಮ ಮರಾಠಿಯಲ್ಲಿ ಪ್ರಸಂಗ, ಅಂದರೆ ಉಪದೇಶ, ಶುರು ಮಾಡಿದರು. ಅವರ ಮರಾಠಿ ಎಂದರೆ ಕನ್ನಡಕ್ಕೆ ಟೊಪ್ಪಿಗೆ ಹಾಕಿದ ಹಾಗೆ. ಆದರೂ ಜನ ಅಷ್ಟು ಗಮನ ಕೊಟ್ಟು ಕೇಳಿದ್ದನ್ನು ಅವರು ಯಾವತ್ತೂ ಕಂಡಿರಲಿಲ್ಲ! ಯಾರೂ ಏಳಲಿಲ್ಲ, ಯಾರೂ ಆಕಳಿಸಲಿಲ್ಲ, ಕೂಸು ಅತ್ತರೆ ಹೆಂಗಸರು ಬಾಯಿ ಮುಚ್ಚಿಸಿದರು. ದೇವರು ಹೇಗೆ ದಿನದಿನದ ದಾರಿ ತೋರಿಸುತ್ತಾನೆ ಎಂದು ದಾಜಿ ಕಣ್ಣಲ್ಲಿ ನೀರು ತಂದುಕೊಂಡು ಹೇಳಿ ಮುಗಿಸಿದರು. ಮುಂದೆ ಕೂತ ಹಿರಿಯ ಎದ್ದು ಬಂದು ವಿನಯದಿಂದ ಕೇಳಿದ.

"ಸಾಹೇಬ, ಅದೆಲ್ಲಾ ಠೀಕ್. ಉದ್ಯಾ ಕುಠಲಾ ಫಡ?"

ನಾಳೆ ಯಾವ ಹೊಲ ಕಡಿಯಬೇಕು ಎಂದು ಅವನ ಪ್ರಶ್ನೆ. ಅವರೆಲ್ಲ ಕಾರ್ಖಾನೆಯಿಂದ ಬರಬೇಕಾದ ಮನುಷ್ಯನನ್ನು ಕಾಯುತ್ತಿದ್ದರು!

ಇನ್ನು ನನ್ನ ಮನೆಯ ಪಡಸಾಲೆಗೆ ಬರುತ್ತೇನೆ. ಊಟಕ್ಕೆ ಕೂತಾಗ ಪ್ರಾರ್ಥನೆ ಮಾಡುವುದು ನಮ್ಮಲ್ಲಿ ಪದ್ಧತಿ. ದಾಜಿ ಇದ್ದರೆ ದಾಜಿಯೇ ಮಾಡಬೇಕು. ಕಣ್ಣು ಮುಚ್ಚುತ್ತಾರೆ.

"ದೇವರ, ಈ ಅನ್ನಕ್ಕ ಸ್ತೋತ್ರ. ಇದನ್ನ ಮಾಡಿದ ಕೈಗೆ ಸ್ತೋತ್ರ. ನಿನ್ನ ಸೇವಕನ ಗಾಡಿ ಹಿಂದಿನ ಟಾಯರ ಸವದ ಸವದ ಬೊಕ್ಕತಲಿ ಆಗೇತಿ, ಅದು ನಿನಗ ಗೊತ್ತೈತಿ. ನಾ ಯಾರಿಗೂ ಹೇಳಿಲ್ಲ. ನಿನಗಷ್ಟ ಹೇಳೇನಿ. ಆಮೆನ್."

ಬಾಗಿಲಾಚೆ ಹಾಲಿನವನಿಗೂ ಕೇಳಿಸುವಂತೆ ದೇವರಿಗಷ್ಟೇ ಹೇಳಿದ ಮೇಲೆ, ಸಾರು ಬಡಿಸುವಾಗ ನನ್ನ ಹೆಂಡತಿ ನನ್ನ ಮುಖ ನೋಡುತ್ತಾಳೆ. ನಾನು ಅನ್ನ ನೋಡುತ್ತೇನೆ. ಮರುದಿನ ಟೈರ್ ಅಂಗಡಿಗೆ ಹೋಗಿಬರುತ್ತೇನೆ. ಹೊಸ ಟೈರನ್ನು ದಾಜಿ ಮಗುವಿನ ಕೆನ್ನೆ ಸವರಿದಂತೆ ಸವರಿ, ಮೇಲೆ ನೋಡಿ, "ಎಂಥಾ ಅದ್ಭುತ! ನಾ ಯಾರಿಗೂ ಒಂದ ಮಾತ ಅಂದಿಲ್ಲ ನೋಡ!" ಎಂದರು.

ರಾತ್ರಿ ಹೆಂಡತಿಯ ಬಳಿ ಗೊಣಗಿದೆ. "ಒಂದ ಸಲ ನನ್ನ ಕಡೆ ನೋಡಿ ಉಪಕಾರ ಆತು ಅನ್ನಬಾರದಾ?"

"ಹಿಂದಿನ ಕಾಲದಾಗ ಒಬ್ಬ ಪ್ರವಾದಿಗೆ ಕಾಗಿ ರೊಟ್ಟಿ ತಂದ ಕೊಟ್ಟಿದ್ದಿಲ್ಲೇನ್ರಿ?" ಎಂದಳು ಅವಳು. "ಕಾಗಿಗೆ ಯಾರರೆ ಉಪಕಾರ ಅಂದಾರೇನು? ಸುಮ್ನ ಮಲಗ್ರಿ."

ಅಂದಿನಿಂದ ನಮ್ಮ ಮನೆಯಲ್ಲಿ ನನಗೆ ಕಾಗೆ ಎಂದೇ ಹೆಸರು. ಒಂದು ಮಾತು ದಾಖಲೆಗೆ ಇರಲಿ. ದಾಜಿ ಆಷಾಢಭೂತಿಯಲ್ಲ. ತಾವು ಗಟ್ಟಿಯಾಗಿ ಪ್ರಾರ್ಥಿಸುವುದಕ್ಕೂ ನಾನು ಅಂಗಡಿಗೆ ಹೋಗುವುದಕ್ಕೂ ಸಂಬಂಧವಿದೆ ಎಂಬುದು ಅವರಿಗೆ ನಿಜವಾಗಿ ಹೊಳೆದಿಲ್ಲ. ಇಷ್ಟು ವರ್ಷ ಗಮನವಿಟ್ಟು ನೋಡಿದ ಮೇಲೆ ಬರೆಯುತ್ತಿದ್ದೇನೆ. ಬಾಯ್ಲರಿನ ಒತ್ತಡವನ್ನು ಮುಳ್ಳು ನೋಡದೆ ಸದ್ದಿನಲ್ಲೇ ತಿಳಿಯುತ್ತಿದ್ದ ಮನುಷ್ಯನಿಗೆ ತನ್ನ ದನಿ ಎಷ್ಟು ದೂರ ಹೋಗುತ್ತದೆ ಎಂದು ತಿಳಿಯದು!

ದೇವರು ಒದಗಿಸುತ್ತಾನೆ, ನಿಜ. ಆದರೆ ಬೇಕಾದ್ದನ್ನೇ ಒದಗಿಸುತ್ತಾನೆ ಎಂದು ಹೇಳುವಂತಿಲ್ಲ. ಒಂದು ವರ್ಷ ಅಕ್ಕನ ಮನೆಯಲ್ಲಿ ಬೇಳೆ, ಎಣ್ಣೆ ಎರಡೂ ತಳ ಕಂಡಿದ್ದವು. ದಾಜಿ ಅಥಣಿಯ ಕಡೆ ದ್ರಾಕ್ಷಿ ಬೆಳೆಗಾರರೊಬ್ಬರ ಮನೆಯಲ್ಲಿ ಚಹಾ ಕುಡಿಯುವ ಮೊದಲು ಕಣ್ಣು ಮುಚ್ಚಿದರು. ಲಿಂಗ ಕಟ್ಟಿದ, ದೊಡ್ಡ ಮನಸ್ಸಿನ ಯಜಮಾನರು. ಯಾರ ದೇವರಾದರೇನು, ಮನೆಗೆ ಬಂದವರ ಪ್ರಾರ್ಥನೆ ಬರಿದಾಗಬಾರದು ಎಂದು ಒಳಗಿನಿಂದ ಮೂಟೆಯೊಂದನ್ನು ತರಿಸಿ ಮೊಪೆಡ್ಡಿಗೆ ಕಟ್ಟಿಸಿದರು. ಮನೆಗೆ ಬಂದು ಬಿಚ್ಚಿದರೆ ಒಣದ್ರಾಕ್ಷಿ!

ಆ ತಿಂಗಳು ಅಕ್ಕನ ಮನೆಯಲ್ಲಿ ಉಪ್ಪಿಟ್ಟಿಗೆ ಒಣದ್ರಾಕ್ಷಿ, ಅವಲಕ್ಕಿಗೆ ಒಣದ್ರಾಕ್ಷಿ, ಕೊನೆಗೆ ಬದನೆಕಾಯಿ ಪಲ್ಲೆಗೂ ಒಣದ್ರಾಕ್ಷಿ. ನಾನು ಒಂದು ಸಲ ಉಂಡು ಬಂದೆ, ಎರಡನೆಯ ಸಲ ಕರೆದಾಗ ಸಭೆ ಇದೆ ಎಂದೆ.

"ನಿಮ್ಮ ದೇವರಿಗೆ ಹೇಳ್ರಿ," ಎಂದಳು ಅಕ್ಕ ದಾಜಿಗೆ, ಸೌಟಿನಿಂದ ಮೇಲೆ ತೋರಿಸುತ್ತ, "ಮುಂದಿನ ಸಲ ತೊಗರಿಬ್ಯಾಳಿ ಕಳಸು ಅಂತ. ಹೆಸರ ಹಿಡದ ಹೇಳ್ರಿ. ಬರೇ ಒದಗಸು ಅಂದ್ರ ಆಂವಗರೆ ಹೆಂಗ ತಿಳೀಬೇಕು?"

ಹೋದ ಸೀಸನ್ನಿನಲ್ಲಿ ನಾನೊಮ್ಮೆ ಅವರ ಹಿಂದೆ ಕೂತು ಹೋಗಿದ್ದೆ. ಕಬ್ಬು ಕಡಿಯುವವರ ಬಗ್ಗೆ ಪತ್ರಿಕೆ ಲೇಖನ ಕೇಳಿತ್ತು. ಕೃಷ್ಣಾ ದಂಡೆಯ ಸತ್ತಿ ಊರಿನ ಹೊರಗೆ ಟೋಳಿ ಇಳಿದಿತ್ತು. ಅದರ ಮುಖಂಡ, ಅವರು ಮುಕಾದಮ ಎನ್ನುತ್ತಾರೆ, ಬಿಳಿ ಮೀಸೆಯ ಮುದುಕ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಸೇರಿಸಿ ಅವನ ಹೆಂಡತಿಯೇ ಆಡುತ್ತಿದ್ದಳು. ಮೊಪೆಡ್ ನಿಲ್ಲುವ ಮೊದಲೇ ಅವಳು ಕೂಗಿದಳು.

"ಜಯ ಖ್ರಿಸ್ತ, ಪಾಳಕ! ಕಿತೀ ಉಶೀರ್! ಭಾಕರಿ ಥಂಡ್ ಝಾಲೀ!"

ಎಷ್ಟು ತಡ, ರೊಟ್ಟಿ ಆರಿಹೋಯಿತು ಎಂದು ಬೈಗುಳ. ಬೆಳಗಿನ ಮೊದಲ ರೊಟ್ಟಿಯನ್ನು ಅವಳು ಪಾಳಕನಿಗೆಂದು ತೆಗೆದಿಟ್ಟಿರುತ್ತಾಳಂತೆ. ದಾಜಿ ಅಲ್ಲಿ ಮಾಡಿದ್ದೇನು ಎಂದು ನೋಡಿದೆ. ಪ್ರಸಂಗ ಮಾಡಿದ್ದು ಚೂರು. ಉಳಿದ ಹೊತ್ತೆಲ್ಲ, ಕಬ್ಬು ಕಡಿಯುವ ಕತ್ತಿ ತಾಗಿದ ಒಬ್ಬನ ಅಂಗೈಗೆ ಬಟ್ಟೆ ಕಟ್ಟಿದರು, ಒಬ್ಬಳ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅವಳು ನೀರಿಗೆ ಹೋಗಿಬರುವ ತನಕ ಆಡಿಸಿದರು, ಊರಿಗೆ ಫೋನ್ ಹಚ್ಚಲು ಬಾರದವರಿಗೆ ಫೋನ್ ಹಚ್ಚಿ ಕೊಟ್ಟರು. ವಿಶೇಷವೇನೂ ಇಲ್ಲ. ಲೇಖನಕ್ಕೆ ಸಾಲುವಂಥದ್ದು ಅದರಲ್ಲಿ ಸಿಗಲಿಲ್ಲ. ಹೊರಡುವಾಗ ಮುಕಾದಮನ ಹೆಂಡತಿ ಎಲೆಯಲ್ಲಿ ಕಟ್ಟಿದ ಹಸಿಮೆಣಸಿನಕಾಯಿ ಖರಡಾ ಚಟ್ನಿ ಕೊಟ್ಟಳು, ನಮ್ಮ ಅಕ್ಕನಿಗೆ.

ಅಕ್ಕ ಅದನ್ನು ಮೂಸಿ, "ಯಾರ ಮಾಡ್ಯಾರೋ ಏನೋ" ಎಂದು ಪಕ್ಕಕ್ಕೆ ಸರಿಸಿದಳು. ಮರುದಿನ ನಾನು ಹೋದಾಗ ಎಲೆ ಖಾಲಿಯಿತ್ತು. ಆದರೆ ಅವಳು ಆ ಗುಡಿಸಲುಗಳ ಕಡೆ ಒಮ್ಮೆಯೂ ಕಾಲಿಟ್ಟವಳಲ್ಲ. "ನಿಮ್ಮ ಟ್ರ್ಯಾಕ್ಟರ್ ಸಭೆ ನೀವ ನೋಡ್ಕೊಳ್ರಿ, ನನ್ನ ಒಲಿ ನಾ ನೋಡ್ಕೊತೇನಿ" ಎಂಬುದು ಅವಳ ಕರಾರು. ಪ್ರಾರ್ಥನೆಯನ್ನೂ ಅವಳು ಬಾಯಿ ಬಿಟ್ಟು ಮಾಡುವುದಿಲ್ಲ. ಮನೆಯಲ್ಲಿ ಒಬ್ಬರು ಒದರಿದರೆ ಸಾಕು ಎನ್ನುತ್ತಾಳೆ.

ಇಂಥವರಿಗೆ ನಾನು ಬುದ್ಧಿ ಹೇಳಬೇಕಾಗಿತ್ತು. ಹೋಗಿ ಕೂತೆ. ವರದಿ ಒಪ್ಪಿಸಿದಂತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮನೆ ಸೋರುತ್ತದೆ, ಅಕ್ಕನ ಮೊಣಕಾಲು ಏಳಲು ಬಿಡುವುದಿಲ್ಲ, ನಿಮಗೂ ವಯಸ್ಸಾಗುತ್ತ ಬಂತು, ಇಂಥ ಕರೆ ಮತ್ತೊಮ್ಮೆ ಬರುವುದಿಲ್ಲ.

"ಕರೆ ಅಂದೀ?" ದಾಜಿ ಕಿವಿ ನಿಮಿರಿಸಿದರು.

"ಮ್ಯಾನೇಜರ್ ಕರದದ್ದ, ದಾಜಿ."

"ಹೌದೇನು..." ಎಂದು ಮತ್ತೆ ಕುಗ್ಗಿದರು. "ಆತು. ಕೇಳಿ ಹೇಳತೇನಿ."

ಯಾರನ್ನು ಕೇಳುತ್ತಾರೆ ಎಂದು ನಾನು ಕೇಳಲಿಲ್ಲ. ದಿನಗಳು ಹೋದವು, ದೀಪಾವಳಿಯೂ ಮುಗಿಯಿತು. ಕಾರ್ಖಾನೆಯಿಂದ ನನಗೇ ಫೋನ್ ಬರತೊಡಗಿತು. ಅಕ್ಕನಿಂದಲೂ. ನನಗೆ ಸುಸ್ತು ಹತ್ತಿತು. ಬೇರೆಯವರ ದೇವರ ಉತ್ತರಕ್ಕೆ ಬೇರೆಯವನು ಕಾಯುವುದಿದೆಯಲ್ಲ, ಅದರಷ್ಟು ದಣಿಸುವ ಕೆಲಸ ಇನ್ನೊಂದಿಲ್ಲ! ನಮ್ಮ ಕೋರ್ಟಿನಲ್ಲಿ ತೀರ್ಪಿಗೆ ಕಾಯುವಾಗ ಮುಂದಿನ ತಾರೀಖಾದರೂ ಗೊತ್ತಿರುತ್ತದೆ.

ಪೂಜೆಗೆ ಒಂದು ದಿನ ಮೊದಲು ದಾಜಿ ತಾವಾಗಿ ನನ್ನ ಮನೆಗೆ ಬಂದರು. ಚಹಾ ಮುಂದಿಟ್ಟರೂ ಕಣ್ಣು ಮುಚ್ಚಲಿಲ್ಲ. ನನ್ನ ಹೆಂಡತಿ ಗಾಬರಿಯಾಗಿ ಹಣೆ ಮುಟ್ಟಿ ನೋಡುವಂತೆ ನನಗೆ ಸನ್ನೆ ಮಾಡಿದಳು.

"ನಾಳೆ ಹೋಗೂಣ, ಫ್ಯಾಕ್ಟರಿಗೆ" ಎಂದರು.

"ದೇವರು ಹೂಂ ಅಂದನೇನು?"

"ದೇವರು ಏನೂ ಅನ್ನಲಿಲ್ಲ. ಮುಂಜಾನೆ ಮಣಕಾಲೂರಿ ಕುಂತಿದ್ನಿ. ಕಿವಿಗೊಟ್ಟು ಕುಂತಿದ್ನಿ. ಅಡಗಿ ಮನ್ಯಾಗ ನಿಮ್ಮಕ್ಕ ಹಿಟ್ಟಿನ ಡಬ್ಬಿ ಬಡಿಯಾಕತ್ತಿದ್ಲು. ತಳದಾಗಿಂದ ಹಿಟ್ಟ ಉದರಲಿ ಅಂತ, ಬುಡಕ್ಕ ಕೈಲೆ ಹಿಂಗ ಬಡಿತಾರಲ್ಲ... ಭಾಳೊತ್ತು ಬಡದ್ಲು." ಚಹಾದ ಕಪ್ಪನ್ನು ಸುಮ್ಮನೆ ತಿರುಗಿಸಿದರು. "ಬ್ಯಾರೆ ಏನೂ ಕೇಳಸಲಿಲ್ಲಪಾ ನನಗ."

ನಾನು ಗೆದ್ದಿದ್ದೆ. ಗೆದ್ದವನಿಗೆ ಚಹಾ ರುಚಿಸಲಿಲ್ಲ ಎಂಬುದನ್ನೂ ಬರೆದುಬಿಡುತ್ತೇನೆ.

ಮರುದಿನ ಬೆಳಿಗ್ಗೆ ನನ್ನ ಬೈಕು ತೆಗೆದುಕೊಂಡು ಹೋದೆ. ದಾಜಿ ಹಳೆಯ ಖಾಕಿ ಅಂಗಿ ಹುಡುಕಿ ಹಾಕಿಕೊಂಡು ಹೊರಗೆ ನಿಂತಿದ್ದರು. ಹೊಟ್ಟೆಯ ಹತ್ತಿರದ ಗುಂಡಿ ಕೂಡಲು ಒಪ್ಪಿರಲಿಲ್ಲ.

"ಉಪವಾಸದ ಮನಶ್ಯಾಗ ಹೊಟ್ಟಿ ಎಲ್ಲಿಂದ ಬಂತ್ರಿ ದಾಜಿ?"

"ಒಣದ್ರಾಕ್ಷಿ" ಎಂದರು, ನಗದೆ.

ಅಕ್ಕ ಬಾಗಿಲಲ್ಲಿದ್ದಳು. ಅವಳು ಕೇಳಿದ್ದೇ ಆಗುತ್ತಿತ್ತು. ಆದರೂ ಮುಖದಲ್ಲಿ ಅದರ ಗುರುತಿರಲಿಲ್ಲ. ಅಂಗಿಯ ಮುಂಭಾಗ ಕೈಯಿಂದ ಸವರಿ, ಕೂಡದ ಗುಂಡಿಯ ಜಾಗಕ್ಕೆ ತನ್ನ ಬಳೆಯ ಪಿನ್ನು ತೆಗೆದು ಚುಚ್ಚಿದಳು. "ಬಿಸಿ ಹತ್ರ ಭಾಳ ನಿಂದರಬ್ಯಾಡ್ರಿ" ಎಂದಳು. ಬಾಯ್ಲರ್ ಕಾಯಲು ಹೋಗುವವನಿಗೆ ಹೇಳುವ ಮಾತೇ ಇದು?

ರಾಯಬಾಗದ ರಸ್ತೆಗೆ ಬಿದ್ದೆವು. ಎರಡೂ ಬದಿಗೆ ತಲೆಗಿಂತ ಎತ್ತರದ ಕಬ್ಬು, ಬೆಳ್ಳಗೆ ತುರಾಯಿ ಬಿಟ್ಟದ್ದು. ಹಿಂದೆ ಕೂತ ಮನುಷ್ಯ ಒಂದೂ ಮಾತಾಡಲಿಲ್ಲ, ಹಾಡಲಿಲ್ಲ, ನನ್ನ ಬೈಕಿನ ಬ್ರೇಕಿಗಾಗಿ ದೇವರಲ್ಲಿ ಮೊರೆಯಿಡಲೂ ಇಲ್ಲ. ಇಷ್ಟು ವರ್ಷ ಈ ಗದ್ದಲ ನಿಲ್ಲಲಿ ಎಂದು ಬಯಸಿದವನಿಗೆ ಅದು ನಿಂತಾಗ ಬೈಕೇ ಭಾರವಾದಂತೆ ಅನಿಸಿತು. ಎದುರಿಗೆ ಹಾಸಿಗೆ, ಕೊಡಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳು ಬರುತ್ತಿದ್ದವು. ಟೋಳಿಗಳು ಬರಲು ಶುರುವಾಗಿತ್ತು. ದಾಜಿ ಪ್ರತಿ ಟ್ರೇಲರನ್ನೂ ಕತ್ತು ತಿರುಗಿಸಿ ನೋಡುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು.

ದಾರಿಯ ನಡುವೆ ನನ್ನ ಫೋನ್ ರಿಂಗಾಯಿತು. ಅಕ್ಕ.

"ಎಲ್ಲಿ ಅದೀರಿ?"

"ಇನ್ನೇನ ಅರ್ಧಾ ದಾರಿ."

"ಹೊಳ್ಳಿ ಬರ್ರಿ."

"ಯಾಕ? ಏನಾತು?"

"ಅವರ ಟ್ರ್ಯಾಕ್ಟರ್ ಸಭೆ ಬಾಗಲಿಗೆ ಬಂದ ನಿಂತೈತಿ. ಮುಕಾದಮನ ಹೇಣ್ತಿ ತೀರಕೊಂಡಾಳಂತ, ಊರಾಗ. ಮಣ್ಣ ಮಾಡಿ ಸೀದಾ ಹೊಂಟ ಬಂದಾರ. ಮುದಕ ಹೊಸ್ತಲದ ಮ್ಯಾಲೆ ಕುಂತಾನ. ನೀರ ಕೊಟ್ರ ಕುಡಿವಲ್ಲ. ಪಾಳಕ ಎಲ್ಲಿ ಅಂತ ಒಂದ ಕೇಳ್ತಾನ. ನನಗ ಮರಾಠಿ ತಿಳೀತೈತಿ, ಆಡಾಕ ಬರಂಗಿಲ್ಲ. ಏನ ಹೇಳ್ಲೋ ಅವಗ?"

"ಅಕ್ಕಾ, ಇವತ್ತ ಹೋಗಲಿಲ್ಲಂದ್ರ ಅವರು ಬ್ಯಾರೆದವರನ್ನ ತಗೋತಾರ. ಗೊತ್ತೈತಿಲ್ಲ?"

ಆ ಕಡೆ ಕೂಸೊಂದು ಅಳುತ್ತಿತ್ತು.

"ಮೊದಲ ಬರ್ರಿ" ಎಂದು ಅಕ್ಕ ಫೋನ್ ಇಟ್ಟಳು.

ಬೈಕು ನಿಲ್ಲಿಸಿ ಹೇಳಿದೆ. ದಾಜಿ ಇಳಿದು ಕಬ್ಬಿನ ಕಡೆ ಮುಖ ಮಾಡಿ ನಿಂತರು. ಈಗಾದರೂ ಗಟ್ಟಿಯಾಗಿ ಏನಾದರೂ ಅನ್ನುತ್ತಾರೆ ಎಂದು ಕಾದೆ. ಖಾಕಿ ತೋಳಿನಿಂದ ಮುಖ ಒರೆಸಿಕೊಂಡು ಮತ್ತೆ ಹಿಂದೆ ಹತ್ತಿದರು. "ಎಲ್ಲಾರ್ಕಿಂತ ಗಟ್ಟಿ ಇದ್ಲಲ್ಲೋ ಆಕಿ" ಎಂದಷ್ಟೇ ಹೇಳಿದರು.

ಅಕ್ಕನ ಮನೆಯ ಓಣಿಗೆ ಟ್ರೇಲರ್ ಅಡ್ಡ ನಿಂತಿತ್ತು. ಮೇಲೆ ಬುಟ್ಟಿಯೊಳಗೆ ಕೋಳಿಗಳು, ಮಡಚಿದ ಚಾಪೆಗಳು. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಕಾಲಿಡಲು ಜಾಗವಿಲ್ಲದಂತೆ ಜನ ನೆಲದ ಮೇಲೆ ಕೂತಿದ್ದರು. ನಡುವೆ ಮುದುಕ. ಅವನೆದುರು, ಕುರ್ಚಿಯಿಂದಲೇ ಏಳಲಾಗದ ನಮ್ಮ ಅಕ್ಕ, ಮೊಣಕಾಲೂರಿ ಕೂತಿದ್ದಳು. ಒಂದು ಕೈ ಅವನ ತಲೆಯ ಮೇಲಿತ್ತು. ಕಣ್ಣು ಮುಚ್ಚಿತ್ತು. ಬಾಯಿ ಬಿಟ್ಟು ಪ್ರಾರ್ಥಿಸುತ್ತಿದ್ದಳು!

"...ಆಕೀನ ನಾ ನೋಡಿಲ್ಲ, ದೇವರ. ನೀ ನೋಡೀದಿ. ಬಿಸಲಾಗ ಭಾಳ ದುಡದಾಳ. ಆಕೀನ ನೆಳ್ಳಾಗ ಕುಂದರಸು. ಈ ಹಿರ್ಯಾ ನೀರ ಕುಡಿವಲ್ಲ. ಒಂದ ಗುಟಕ ಕುಡೀಲಿ, ಒಂದ ತುತ್ತ ಉಣ್ಣಲಿ. ಮುಂದಿನದ ನನಗ ಹೇಳಾಕ ಬರಂಗಿಲ್ಲ. ನಿನಗ ತಿಳೀತೈತಿ."

ಅವಳ ದನಿ ದೊಡ್ಡದಾಗಿರಲಿಲ್ಲ, ಹೊಸ್ತಿಲು ದಾಟುವಷ್ಟೂ ಇರಲಿಲ್ಲ. ಕನ್ನಡ ಬಾರದ ಆ ಜನ "ಆಮೆನ್" ಎಂದರು. ಮುದುಕ ಕೈ ಚಾಚಿ ನೀರಿನ ಚರಿಗೆ ತೆಗೆದುಕೊಂಡ.

ದಾಜಿ ಒಳಗೆ ಹೋಗಲಿಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಾಗಿಲ ಹೊರಗೇ ನಿಂತಿದ್ದರು. ಅಷ್ಟರಲ್ಲಿ ಅವರ ಜೇಬಿನ ಫೋನ್ ರಿಂಗಾಯಿತು. ಮ್ಯಾನೇಜರ್ ಹೆಸರು. ದಾಜಿ ಅದನ್ನು ತೆಗೆಯಲೂ ಇಲ್ಲ, ಬಂದ್ ಮಾಡಲೂ ಇಲ್ಲ, ಅಕ್ಕನ ಕಡೆ ನೋಡಿದರು. ಅಕ್ಕ ಗೋಡೆ ಹಿಡಿದು ಎದ್ದಳು, ಜನರ ನಡುವೆ ಒಂದೊಂದೇ ಹೆಜ್ಜೆ ಇಡುತ್ತ ಬಂದಳು, ಅವರ ಜೇಬಿಗೆ ಕೈ ಹಾಕಿ ಫೋನ್ ತೆಗೆದು ತಾನೇ ಕಿವಿಗೆ ಹಿಡಿದಳು.

"ಹೌದ್ರಿ, ಅವರ ಮನ್ಯಾಕಿ ಮಾತಾಡಾಕತ್ತೇನ್ರಿ... ಇಲ್ರಿ. ಇವತ್ತೂ ಇಲ್ಲ, ನಾಳಿಗೂ ಇಲ್ರಿ... ಸಾಹೇಬ್ರ, ಸಿಟ್ಟ ಆಗಬ್ಯಾಡ್ರಿ. ಅವರು ಇಲ್ಲೆ ಡ್ಯೂಟಿ ಮ್ಯಾಲೆ ಅದಾರ್ರಿ."

ಫೋನನ್ನು ನನ್ನ ಕೈಗೆ ಕೊಟ್ಟಳು. ಮತ್ತೆ ಒಳಗೆ ಹೋಗಿ ಮುದುಕನ ಮುಂದೆ ಚೆಲ್ಲಿದ್ದ ನೀರನ್ನು ಸೆರಗಿನಿಂದ ಒರೆಸಿದಳು. ಆಮೇಲೆ ತುಸು ಪಕ್ಕಕ್ಕೆ ಸರಿದು, ಒರೆಸಿದ ನೆಲದ ಮೇಲೆ ಅಂಗೈ ಇಟ್ಟು, "ಬರ್ರಿ, ಕುಂದರ್ರಿ" ಎಂದು ಗಂಡನಿಗೆ ಜಾಗ ಮಾಡಿಕೊಟ್ಟಳು.